ದಿಂಬಂ ಘಟ್ಟ: ಮೇಲೆ ಚಳಿ, ಕೆಳಗೆ ಬಿಸಿಲು, ನಡುವೆ ಬೈಕ್ ಸವಾರ

ಮಾನ್ಯ ಸಂಪಾದಕರೇ,

ಬೈಕ್ ಅಪಘಾತದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅತಿವೇಗ ಇಲ್ಲವೇ ಅಜಾಗರೂಕತೆ ಕಾರಣವೆಂದು ಬರೆದಿರುತ್ತದೆ. ಹಲವು ಸಲ ಅದು ನಿಜವೂ ಹೌದು. ಆದರೆ ಚಳಿಗೆ ಮರಗಟ್ಟಿದ ಬೆರಳು ಬ್ರೇಕ್ ಹಿಡಿಯಲು ತಡಮಾಡಿದ್ದರಿಂದಲೋ, ಬಿಸಿಲಿಗೆ ಬಳಲಿದ ತಲೆ ಎದುರಿನ ವಾಹನದ ದೂರವನ್ನು ತಪ್ಪಾಗಿ ಅಂದಾಜು ಮಾಡಿದ್ದರಿಂದಲೋ ಅಪಘಾತವಾಯಿತೆಂದು ಬರೆದದ್ದನ್ನು ನಾನು ಈವರೆಗೆ ಓದಿಲ್ಲ. ಇಂಥ ಕಾರಣಗಳು ಎಫ್‌ಐಆರ್‌ನಲ್ಲಿ ದಾಖಲಾಗುವುದಿಲ್ಲ. ಬಿದ್ದವನೂ ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ. ನಾನು ಬಿದ್ದವನು. ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ತಾಳವಾಡಿ ತಾಲ್ಲೂಕು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು, ಇಲ್ಲಿನ ಬಹುಪಾಲು ಮನೆಗಳ ಮಾತು ಕನ್ನಡ. ಸಂತೆ, ನೆಂಟಸ್ತಿಕೆಗಳಿಗೆ ನಾವು ಚಾಮರಾಜನಗರದ ಕಡೆಗೆ ಹೋಗುತ್ತೇವೆ. ಸರ್ಕಾರಿ ಕೆಲಸಗಳಿಗಾದರೆ ಹಾಸನೂರು, ದಿಂಬಂ ದಾಟಿ, 27 ಹೇರ್‌ಪಿನ್ ತಿರುವುಗಳನ್ನು ಇಳಿದು, ಬಣ್ಣಾರಿಯ ಮೂಲಕ ಸತ್ಯಮಂಗಲಕ್ಕೂ ಅಲ್ಲಿಂದ ಮುಂದೆ ಈರೋಡಿಗೂ ಹೋಗಲೇಬೇಕು. ಜಿಲ್ಲಾ ಕೇಂದ್ರ ನಮಗೆ ನೂರು ಕಿಲೋಮೀಟರಿಗೂ ದೂರ. ಬಸ್ಸಿನ ಹೊತ್ತಿಗೂ ಕಚೇರಿಯ ಹೊತ್ತಿಗೂ ತಾಳೆಯಾಗದೆ ರೈತರು, ಶಿಕ್ಷಕರು, ಆಸ್ಪತ್ರೆಗೆ ಹೋಗುವವರು, ಕೆಲಸ ಹುಡುಕಿ ಹೋಗುವ ಹುಡುಗರು ಬೈಕನ್ನೇ ನಂಬಿದ್ದಾರೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂಬುದು ಮಕ್ಕಳಿಗೆ ನಾವು ಕಲಿಸುವ ಪಾಠ. ಆ ಪಾಠವನ್ನು ದಿಂಬಂ ಘಟ್ಟದ ಸವಾರ ಒಂದೇ ಗಂಟೆಯೊಳಗೆ ತನ್ನ ಮೈಮೇಲೆ ಅನುಭವಿಸುತ್ತಾನೆ. ದೀಪಾವಳಿಯ ಬೆನ್ನಿಗೇ ಬರುವ ಗುಮಟಾಪುರದ ಗೊರೆಹಬ್ಬ ಮುಗಿಯುತ್ತಿದ್ದಂತೆ ಮೇಲೆ ಚಳಿ ಶುರುವಾಗುತ್ತದೆ. ಬಣ್ಣಾರಿ ಅಮ್ಮನ ಕೊಂಡದ, ಅಂದರೆ ಕೆಂಡ ಹಾಯುವ ಜಾತ್ರೆಯ, ಹೊತ್ತಿಗೆ ಕೆಳಗಿನ ಬಯಲು ಕಾದ ಹೆಂಚಿನಂತಾಗಿರುತ್ತದೆ.

ಆರು ವರ್ಷಗಳ ಹಿಂದಿನ ಒಂದು ಡಿಸೆಂಬರ್ ಬೆಳಿಗ್ಗೆ ನನ್ನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸತ್ಯಮಂಗಲದ ಮದುವೆಯೊಂದಕ್ಕೆ ಹೊರಟಿದ್ದೆ. ಮೈಮೇಲೆ ದಪ್ಪ ಉಣ್ಣೆಯ ಸ್ವೆಟರ್ ಇತ್ತು, ಕತ್ತಿಗೆ ಮಫ್ಲರ್ ಇತ್ತು, ತಲೆಗೆ ಹೆಲ್ಮೆಟ್ ಇತ್ತು. ಕೈಗೆ ಏನೂ ಇರಲಿಲ್ಲ. ಹಾಸನೂರು ದಾಟುವಷ್ಟರಲ್ಲಿ ಬೆರಳುಗಳು ಮೊದಲು ನೋಯತೊಡಗಿದವು, ಆಮೇಲೆ ನೋವು ತಾನಾಗಿಯೇ ನಿಂತಿತು. ನೋವು ನಿಂತಿತಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ. ಘಟ್ಟದ ಮೂರನೆಯ ತಿರುವಿನಲ್ಲಿ ಮೇಲಕ್ಕೆ ಬರುತ್ತಿದ್ದ ಲಾರಿ ಇಡೀ ರಸ್ತೆಯನ್ನು ಬಳಸಿ ತಿರುಗುತ್ತಿತ್ತು. ಬ್ರೇಕ್ ಹಿಡಿಯಬೇಕೆಂದು ಮನಸ್ಸು ಹೇಳಿತು. ಬೆರಳುಗಳು ಲಿವರಿನ ಮೇಲಿರುವುದು ಕಣ್ಣಿಗೆ ಕಾಣುತ್ತಿತ್ತು. ಆದರೆ ಅವು ಮಡಚಿಕೊಳ್ಳಲಿಲ್ಲ. ಬೈಕ್ ಅಂಚಿನ ಕಟ್ಟೆಗೆ ಉಜ್ಜಿಕೊಂಡು ಮಗುಚಿತು. ನನ್ನ ಹೆಂಡತಿಯ ಮಣಿಕಟ್ಟಿನ ಮೂಳೆ ಮುರಿಯಿತು. ನಮ್ಮನ್ನು ಎತ್ತಿ ಕೂರಿಸಿದವರು ಅದೇ ಲಾರಿಯ ಚಾಲಕ ಮತ್ತು ಕ್ಲೀನರ್. ನಮ್ಮ ವೇಗ ಆಗ ಗಂಟೆಗೆ 30 ಕಿಲೋಮೀಟರ್ ಕೂಡ ಇರಲಿಲ್ಲ. ಆ ವೇಗದಲ್ಲಿಯೂ ಬೈಕ್ ಸೆಕೆಂಡಿಗೆ ಎಂಟು ಮೀಟರ್ ಮುಂದೆ ಹೋಗುತ್ತದೆ, ಮತ್ತು ಆ ತಿರುವಿನಲ್ಲಿ ನಮಗಿದ್ದ ಜಾಗ ಅಷ್ಟೂ ಇರಲಿಲ್ಲ.

ಚಳಿಯಲ್ಲಿ ನಮ್ಮನ್ನು ಕುಗ್ಗಿಸುವುದು ಗಾಳಿ. ನಿಂತವನಿಗೆ 10 ಡಿಗ್ರಿ ಎನ್ನಿಸುವ ಚಳಿ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ಮೈಯೊಡ್ಡಿದವನಿಗೆ ಸುಮಾರು 5 ಡಿಗ್ರಿಯಂತೆ ತಾಕುತ್ತದೆ. ದೇಹ ತನ್ನ ಒಳಗಿನ ಬಿಸಿಯನ್ನು ಹೃದಯ, ಶ್ವಾಸಕೋಶ, ಮಿದುಳುಗಳಿಗೆಂದು ಕಾದಿಟ್ಟುಕೊಳ್ಳಲು ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿಸುತ್ತದೆ. ಹಾಗಾಗಿ ಕ್ಲಚ್ಚು, ಬ್ರೇಕು, ಗೇರು ಎಲ್ಲವನ್ನೂ ನೋಡಿಕೊಳ್ಳಬೇಕಾದ ಅಂಗಗಳೇ ಎಲ್ಲಕ್ಕಿಂತ ಮೊದಲು ಸೋಲುತ್ತವೆ. ಉಣ್ಣೆಯ ಸ್ವೆಟರ್ ಬೆಚ್ಚಗಿನ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು ನಿಜವಾದರೂ ಓಡುವ ಬೈಕಿನ ಮೇಲೆ ಎದುರುಗಾಳಿ ಅದರ ಹೆಣಿಗೆಯ ಸಂದುಗಳಲ್ಲಿ ನುಗ್ಗಿ ಆ ಬಿಸಿಯನ್ನು ಹೊತ್ತೊಯ್ಯುತ್ತದೆ. ಆದುದರಿಂದ ಸ್ವೆಟರಿನ ಮೇಲೆ ಗಾಳಿ ತೂರದ ಒಂದು ಪದರ ಬೇಕು. ಅದಕ್ಕೆ ದುಬಾರಿ ಜಾಕೆಟ್ ಬೇಕೆಂದೇನೂ ಇಲ್ಲ. ಮಳೆಗಾಲದ ರೇನ್‌ಕೋಟ್ ಸಾಕು. ಅದೂ ಇಲ್ಲದ ದಿನ ನಾನು ಹಳೆಯ ದಿನಪತ್ರಿಕೆಯ ಎರಡು ಹಾಳೆಗಳನ್ನು ಮಡಚಿ ಎದೆಯ ಮೇಲೆ, ಅಂಗಿ ಮತ್ತು ಸ್ವೆಟರಿನ ನಡುವೆ ಇಟ್ಟುಕೊಳ್ಳುತ್ತೇನೆ. ಎದೆ ಬೆಚ್ಚಗಿದ್ದರೆ ದೇಹ ಕೈಗಳಿಗೆ ರಕ್ತ ಕಳಿಸಲು ಜಿಪುಣತನ ಮಾಡುವುದಿಲ್ಲ ಎಂಬುದನ್ನು ನಾನು ಬಿದ್ದ ಮೇಲೆ ತಿಳಿದುಕೊಂಡೆ.

ಕೈಗವಸಿನ ಬಗ್ಗೆ ಒಂದು ಮಾತು. ಸಂತೆಯಲ್ಲಿ ಸಿಗುವ ಉಣ್ಣೆಯ ಕೈಗವಸು ಗಾಳಿಯನ್ನೂ ತಡೆಯುವುದಿಲ್ಲ, ಲಿವರಿನ ಮೇಲೆ ಜಾರುತ್ತದೆ, ಮಂಜಿಗೆ ನೆನೆದರೆ ಕೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಚರ್ಮದ್ದೋ, ಗಾಳಿ ತೂರದ ಗಟ್ಟಿ ಬಟ್ಟೆಯದ್ದೋ ಆದ, ಬೆರಳು ಪೂರ್ತಿ ಮಡಚಲು ಬರುವ ಕೈಗವಸೇ ಸರಿ. ಅದು ತೀರ ಬಿಗಿಯಾಗಿರಬಾರದು. ಬಿಗಿಯಾದರೆ ರಕ್ತ ಓಡುವುದಿಲ್ಲ. ಹೊರಡುವ ಮೊದಲೇ, ಕೈ ಬೆಚ್ಚಗಿರುವಾಗಲೇ ಹಾಕಿಕೊಳ್ಳಬೇಕು. ಬೆರಳು ಮರಗಟ್ಟಿದ ಮೇಲೆ ಹಾಕಿಕೊಂಡರೆ ಅದು ತಂಪನ್ನೇ ಕಾಪಾಡುತ್ತದೆ. ನೋವು ನಿಂತು ಸ್ಪರ್ಶ ತಿಳಿಯದಂತಾದರೆ, ಅಥವಾ ಮೈ ನಡುಗತೊಡಗಿದರೆ, ಮುಂದಿನ ಊರಿನಲ್ಲಿ ನಿಲ್ಲಲೇಬೇಕು. ಬಿಸಿಯಾದ ಸೈಲೆನ್ಸರಿಗೆ ಕೈಯೊಡ್ಡುವ ಅಭ್ಯಾಸ ನಮ್ಮ ಹುಡುಗರಲ್ಲಿದೆ. ಸ್ಪರ್ಶವಿಲ್ಲದ ಬೆರಳು ಸುಡುವುದು ಗೊತ್ತೇ ಆಗುವುದಿಲ್ಲವಾದ್ದರಿಂದ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುವುದೇ ಒಳ್ಳೆಯದು. ಚಳಿಗೆಂದು ಒಂದು ಗುಟುಕು ಮದ್ಯ ಕುಡಿದು ಹೊರಡುವವರಿಗೂ ಒಂದು ವಿಷಯ ತಿಳಿದಿರಬೇಕು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದಂತೆ ಭ್ರಮೆ ಹುಟ್ಟಿಸುತ್ತದೆ, ಅದೇ ಹೊತ್ತಿಗೆ ಒಳಗಿನ ಬಿಸಿಯನ್ನು ಹೊರಕ್ಕೆ ಬಿಟ್ಟುಕೊಡುತ್ತದೆ.

ಮಂಕಿ ಕ್ಯಾಪ್ ಹಾಕಿ ಅದರ ಮೇಲೆ ಹೆಲ್ಮೆಟ್ ಕೂರಿಸುವುದು ನಮ್ಮಲ್ಲಿ ಸಾಮಾನ್ಯ. ದಪ್ಪ ಟೋಪಿಯ ಮೇಲೆ ಕೂತ ಹೆಲ್ಮೆಟ್ ತಲೆಗೆ ಹೊಂದದೆ ಮೇಲೆದ್ದಿರುತ್ತದೆ, ಗದ್ದದ ಪಟ್ಟಿ ಸರಿಯಾಗಿ ಬಿಗಿಯುವುದಿಲ್ಲ, ಕಿವಿ ಮುಚ್ಚಿ ಹಿಂದಿನ ವಾಹನದ ಹಾರನ್ ಕೇಳಿಸುವುದಿಲ್ಲ. ತಲೆ, ಕತ್ತುಗಳನ್ನು ಮುಚ್ಚುವ ತೆಳುವಾದ ಹತ್ತಿಯ ಮುಸುಕು ಸಾಕಾಗುತ್ತದೆ. ಹೆಂಗಸರ ಸೆರಗು, ದುಪಟ್ಟ, ಗಂಡಸರ ಮಫ್ಲರ್ ಇವುಗಳ ತುದಿಗಳು ಹೊರಗೆ ಜೋಲಾಡದಂತೆ ಸ್ವೆಟರಿನೊಳಗೆ ಸೇರಿಸಲೇಬೇಕು. ಹಿಂಬದಿ ಚಕ್ರವನ್ನು ಕನಿಷ್ಠ ಅರ್ಧದಷ್ಟು ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತಿದ್ದರೂ, ಬೈಕು ಚಂದ ಕಾಣಲೆಂದು ಸೀರೆ ಗಾರ್ಡನ್ನು ಬಿಚ್ಚಿಸುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಅವರ ಹಿಂದೆ ಕೂರುವುದು ಅವರದೇ ತಾಯಿ, ಅವರದೇ ತಂಗಿ.

ಇನ್ನೂ ಹೆಚ್ಚು ನೋವಾಗುವುದು ಮಕ್ಕಳನ್ನು ನೋಡಿದಾಗ. ಅಪ್ಪನಿಗೆ ಜಾಕೆಟ್, ಹೆಲ್ಮೆಟ್ ಎಲ್ಲವೂ ಇರುತ್ತವೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತ ಮೂರು ವರ್ಷದ ಮಗು ಶಾಲೆಗೆ ಬರುವ ದಾರಿಯುದ್ದಕ್ಕೂ ಎದುರುಗಾಳಿಯನ್ನೆಲ್ಲ ತಾನೇ ತಡೆಯುತ್ತಿರುತ್ತದೆ. ಚಿಕ್ಕ ಮೈಗೆ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಆದ್ದರಿಂದ ಅದು ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ, ಬೇಗ ಕಾಯುತ್ತದೆ. ನನಗೆ ಚಳಿಯಾಗುತ್ತಿದೆ ಎಂದು ಅದು ಗಾಳಿಯ ಸದ್ದಿನಲ್ಲಿ ಕೂಗಿದರೂ ಅಪ್ಪನಿಗೆ ಕೇಳಿಸುವುದಿಲ್ಲ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ಬೈಕಿನ ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ಪ್ರಕಟಿಸಿದೆ. ನಾಲ್ಕು ದಾಟಿದ ಮಕ್ಕಳಿಗೆ ದೊಡ್ಡವರಂತೆಯೇ ಹೆಲ್ಮೆಟ್ ಕಡ್ಡಾಯ. ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ನಾನು ಇದನ್ನು ಹೇಳಿದಾಗ ಒಬ್ಬ ತಾಯಿ ಎದ್ದು ನಿಂತು, “ಮೇಷ್ಟ್ರೇ, ಮಕ್ಕಳ ತಲೆಗಾಗೋ ಹೆಲ್ಮೆಟ್ಟು ನಮ್ಮೂರ್ನಲ್ಲಿ ಎಲ್ಲಿ ಸಿಕ್ತದೆ, ಅದನ್ನೂ ಹೇಳಿ” ಎಂದರು. ಆ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರ ಚಾಮರಾಜನಗರಕ್ಕೆ ಹೋದಾಗ ಐಎಸ್‌ಐ ಗುರುತಿನ ನಾಲ್ಕು ಚಿಕ್ಕ ಹೆಲ್ಮೆಟ್ ತಂದುಕೊಟ್ಟೆ. ಬೇಕೆಂದು ಕೇಳಿದವರು ಅದಕ್ಕಿಂತ ಹೆಚ್ಚು ಮಂದಿ.

ಚಳಿಗಾಲದ ಮಂಜಿನಲ್ಲಿ ಹೆಲ್ಮೆಟ್ಟಿನ ಗಾಜು ಉಸಿರಿನಿಂದ ಮಸುಕಾಗುತ್ತದೆ. ಒಂದು ಹನಿ ಪಾತ್ರೆ ತೊಳೆಯುವ ಸಾಬೂನಿನ ದ್ರವವನ್ನು ಒಳಗಡೆ ತೆಳುವಾಗಿ ಸವರಿ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕಷ್ಟು ಹೊತ್ತು ಮಸುಕಾಗುವುದಿಲ್ಲ. ದೀಪವನ್ನು ಹೈ ಬೀಮಿನಲ್ಲಿಟ್ಟರೆ ಮಂಜಿನ ಹನಿಗಳು ಬೆಳಕನ್ನು ಕಣ್ಣಿಗೇ ಮರಳಿಸುತ್ತವೆ, ಆದ್ದರಿಂದ ಲೋ ಬೀಮ್ ಇರಲಿ. ಮಂಜಿನಲ್ಲಿ ಆನೆ ಬೂದು ಬಣ್ಣದ ಬಂಡೆಯಂತೆಯೇ ಕಾಣುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ನಾನು ಹೇಳಬೇಕಿಲ್ಲ; ಹೊರಗಿನಿಂದ ಬರುವ ಸವಾರರಿಗೆ ಹೇಳಬೇಕು.

ಇನ್ನು ಬಿಸಿಲಿನ ವಿಷಯ. ಇದರಲ್ಲಿ ನಮ್ಮ ಜನರ ತಿಳಿವಳಿಕೆ ಚಳಿಯ ವಿಷಯಕ್ಕಿಂತ ಹೆಚ್ಚು ತಪ್ಪಾಗಿದೆ. ಸೆಖೆಯಾದರೆ ಅಂಗಿಯ ಗುಂಡಿ ಬಿಚ್ಚಿ, ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿ ಜೋರಾಗಿ ಹೋದರೆ ಗಾಳಿ ತಂಪು ಮಾಡುತ್ತದೆಂದು ಎಲ್ಲರೂ ನಂಬಿದ್ದಾರೆ. ನಮ್ಮ ಚರ್ಮದ ಉಷ್ಣಾಂಶ ಸುಮಾರು 33ರಿಂದ 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿರುವವರೆಗೆ ಈ ನಂಬಿಕೆ ನಿಜ. ಈರೋಡಿನ ಕಡೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಆಗುವಂತೆ ಗಾಳಿಯೇ 40 ಡಿಗ್ರಿ ದಾಟಿದಾಗ ಅದು ಮೈಗೆ ಬಿಸಿಯನ್ನು ತುಂಬುತ್ತದೆ. ವೇಗ ಹೆಚ್ಚಿದಷ್ಟೂ ಹೆಚ್ಚು ತುಂಬುತ್ತದೆ. ಆಗ ದೇಹವನ್ನು ಕಾಯುವುದು ಬೆವರು ಆರುವಾಗ ಆಗುವ ತಂಪೊಂದೇ. ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ತಾನು ನೀರು ಕಳೆದುಕೊಳ್ಳುತ್ತಿದ್ದೇನೆಂದು ಸವಾರನಿಗೆ ತಿಳಿಯುವುದೇ ಇಲ್ಲ. ಮನೆಗೆ ಬಂದು ಅಂಗಿ ಬಿಚ್ಚಿದಾಗ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆಗಳು ಕಾಣುತ್ತವಲ್ಲ, ಅದೇ ಅದರ ಲೆಕ್ಕ.

ಆದ್ದರಿಂದ ಬಯಲಿನ ಬಿಸಿಲಿನಲ್ಲಿ ಮೈಯನ್ನು ಮುಚ್ಚಬೇಕು. ತಿಳಿಬಣ್ಣದ, ಸಡಿಲವಾದ, ಪೂರ್ತಿ ತೋಳಿನ ಹತ್ತಿಯ ಅಂಗಿ, ಅದರೊಳಗೆ ನೀರಿನಲ್ಲಿ ಅದ್ದಿ ಹಿಂಡಿದ ಬನಿಯನ್, ಕತ್ತಿಗೆ ಒದ್ದೆ ಟವೆಲ್ (ತುದಿ ಒಳಗೆ ಸೇರಿಸಿ) ಇಷ್ಟಿದ್ದರೆ ಬಣ್ಣಾರಿಯಿಂದ ಸತ್ಯಮಂಗಲದವರೆಗಿನ ಮಧ್ಯಾಹ್ನ ಸಹ್ಯವಾಗುತ್ತದೆ. ಹೊಲದಲ್ಲಿ ದುಡಿಯುವ ನಮ್ಮ ಹೆಂಗಸರು ಬಿಸಿಲಿಗೆ ಸೀರೆಯ ಮೇಲೆ ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳುವುದು ಸುಮ್ಮನೆ ಅಲ್ಲ. ನಿಮ್ಮ ಓದುಗರಲ್ಲಿ ಕಾಸರಗೋಡು, ಮಂಗಳೂರಿನ ಕಡೆಯವರೂ ಇರುವುದರಿಂದ ಇಷ್ಟು ಸೇರಿಸಬೇಕು: ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಸುಲಭವಾಗಿ ಆರದು, ಒದ್ದೆ ಬನಿಯನ್ ಅಲ್ಲಿ ಅಷ್ಟು ಕೆಲಸ ಮಾಡದು, ಅಲ್ಲಿ ಬಿಸಿಲೇರುವ ಮೊದಲೇ ದಾರಿ ಮುಗಿಸುವುದು, ಗಾಳಿ ಓಡಾಡುವ ಬಟ್ಟೆ ತೊಡುವುದು ಮೇಲು. ಹೆಲ್ಮೆಟ್ ಮಾತ್ರ ಎಲ್ಲಿಯೂ ತೆಗೆಯುವಂತಿಲ್ಲ. ಒಳಗೆ ತೆಳುವಾದ ಹತ್ತಿಯ ಬಟ್ಟೆ ಕಟ್ಟಿಕೊಂಡು ದಿನವೂ ಒಗೆದರೆ ಬೆವರು, ತುರಿಕೆ, ವಾಸನೆ ಮೂರೂ ಕಡಿಮೆಯಾಗುತ್ತವೆ.

ಕಳೆದ ವರ್ಷದ ಏಪ್ರಿಲ್‌ನಲ್ಲಿ ಈರೋಡಿನಿಂದ ಹಿಂದಿರುಗುವಾಗ ನನಗೆ ಸತ್ಯಮಂಗಲ ದಾಟಿದ ಮೇಲೆ ತಲೆನೋವು ಬಂತು, ಆಮೇಲೆ ಓಕರಿಕೆ. ಬಣ್ಣಾರಿ ಹತ್ತಿರ ಬರುವಾಗ ದಾರಿಯ ಎಡಬಲ ನನಗೆ ಸ್ಪಷ್ಟವಾಗಿ ಹೊಳೆಯುತ್ತಿರಲಿಲ್ಲ. ಎಳನೀರು ಮಾರುತ್ತಿದ್ದ ಹಿರಿಯ ಹೆಂಗಸೊಬ್ಬರು ನನ್ನ ಮುಖ ನೋಡಿ ನೆರಳಿಗೆ ಎಳೆದು ಕೂರಿಸಿ, ತಲೆಗೂ ಕತ್ತಿಗೂ ನೀರು ಹಾಕಿದರು. ಬೆಳಿಗ್ಗೆಯಿಂದ ನಾನು ಕುಡಿದದ್ದು ಎರಡು ಲೋಟ ಕಾಫಿ. ಬಾಯಾರಿಕೆ ದೇಹದ ತಡವಾದ ಕರೆಯೆಂದು ಮಕ್ಕಳಿಗೆ ಹೇಳುವ ನಾನೇ ಅದನ್ನು ಪಾಲಿಸಿರಲಿಲ್ಲ. ಹೊರಡುವ ಮೊದಲು ಎರಡು ಲೋಟ ನೀರು, ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ಒಂದಿಷ್ಟು, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯೋ ರಾಗಿ ಅಂಬಲಿಯೋ ಇದ್ದರೆ ಅಂಥ ಸ್ಥಿತಿ ಬರುವುದಿಲ್ಲ. ಏನೂ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕಲಸಿಕೊಳ್ಳಬಹುದು. ತಲೆಸುತ್ತು, ಓಕರಿಕೆ, ಮೀನಖಂಡದ ಸೆಳೆತ ಬಂದರೆ ಬೈಕ್ ನಿಲ್ಲಿಸಬೇಕು. ಮಾತು ತೊದಲುತ್ತಿದ್ದರೆ, ತಾನೆಲ್ಲಿದ್ದೇನೆಂದು ತಿಳಿಯದಂತಾದರೆ ಅದು ಬಿಸಿಲಾಘಾತ; ನೆರಳಿಗೆ ತಂದು ಮೈ ಪೂರ್ತಿ ಒದ್ದೆ ಮಾಡಿ ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು, ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮ ಶಾಲೆಯ ಶಿಕ್ಷಕಿಯರು ಸ್ಕೂಟರಿನಲ್ಲಿ ದೂರದ ಸಭೆಗೆ ಹೋಗುವ ದಿನ ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ದಾರಿಯಲ್ಲಿ ಶೌಚಾಲಯ ಸಿಗುತ್ತದೆಂಬ ನಂಬಿಕೆ ಅವರಿಗಿಲ್ಲ. ನೀರು ಕುಡಿಯಿರಿ ಎಂದು ಅವರಿಗೆ ಉಪದೇಶ ಮಾಡುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಗಾಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಟೈರಿನ ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿಸಬೇಕು. ಬಿಸಿಲಲ್ಲಿ ಓಡಿ ಒತ್ತಡ ಏರಿದಾಗ ಹೆಚ್ಚಾಯಿತೆಂದು ಬಿಡಿಸಬಾರದು. ಬೇಸಿಗೆಯ ಮೊದಲ ಮಳೆ ರಸ್ತೆಯ ಮೇಲಿನ ಎಣ್ಣೆ, ದೂಳನ್ನು ಮೇಲೆಬ್ಬಿಸಿ ನೆಲವನ್ನು ಜಾರುಬಂಡೆ ಮಾಡುವುದರಿಂದ ಸ್ವಲ್ಪ ಹೊತ್ತು ಕಾದು ಹೊರಡುವುದು ಲೇಸು. ಆದರೆ ಘಟ್ಟ ಇಳಿಯುವ ಬಗ್ಗೆ ನಮ್ಮೂರಿನ ಮೆಕ್ಯಾನಿಕ್ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್‌ಗೆ ಹಾಕ್ಬುಟ್ಟು ಬರೀ ಬ್ರೇಕ್ ಮೇಲೇ ಇಳೀತಾರೆ ಮೇಷ್ಟ್ರೇ, ಡ್ರಮ್ಮು ಕಾದೋಗ್ದೆ ಇನ್ನೇನಾಯ್ತದೆ? ಹತ್ತೋವಾಗ ಯಾವ ಗೇರೋ ಇಳಿಯೋವಾಗ್ಲೂ ಅದೇ ಗೇರು.” ಕಾದ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ, ಮತ್ತು ಅದು ಕಳೆದುಕೊಳ್ಳುವುದು ಕೆಳಗಿನ ತಿರುವುಗಳಲ್ಲಿ, ಬಯಲಿನ ಬಿಸಿಗಾಳಿ ಎದುರಾಗುವ ಹೊತ್ತಿನಲ್ಲಿ.

ನಮ್ಮ ದಾರಿಗೆ ಮತ್ತೊಂದು ವಿಶೇಷವಿದೆ. ಇದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವಿನ ರಸ್ತೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಿಂದ ಬಣ್ಣಾರಿ ಮತ್ತು ಕಾರಾಪಳ್ಳಂ ಚೆಕ್‌ಪೋಸ್ಟುಗಳ ನಡುವೆ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡುಪ್ರಾಣಿಗಳ ಜೀವ ಉಳಿಸುವ ಆ ಕ್ರಮವನ್ನು ನಾನು ಒಪ್ಪುತ್ತೇನೆ. ಕಾಡಿನ ನಡುವೆ ಎಲ್ಲೆಂದರಲ್ಲಿ ಇಳಿದು ನಿಲ್ಲುವುದೂ ತಪ್ಪು, ಅಪಾಯವೂ ಹೌದು. ಆದರೆ ಇದರ ಅರ್ಥವೇನೆಂದು ಯೋಚಿಸಬೇಕು. ನಿರ್ಬಂಧ ತೆರವಾಗುವ ಬೆಳಗಿನ ಆರು ಗಂಟೆಯ ಆಸುಪಾಸು ದಿನದ ಅತ್ಯಂತ ತಣ್ಣನೆಯ ಹೊತ್ತು. ಬೇಗ ಹೊರಡುವ ಸವಾರ ಆ ಹೊತ್ತಿನಲ್ಲೇ ಕಾಡು ಹೊಗುತ್ತಾನೆ. ಕೈ ಮರಗಟ್ಟಿತೆಂದು ನಡುದಾರಿಯಲ್ಲಿ ನಿಲ್ಲುವಂತಿಲ್ಲ, ಮಧ್ಯಾಹ್ನ ಹಿಂದಿರುಗುವಾಗ ತಲೆ ಸುತ್ತಿತೆಂದು ಮರದ ನೆರಳಲ್ಲಿ ಮಲಗುವಂತಿಲ್ಲ. ನಿಲ್ಲಲು ಅವನಿಗಿರುವ ಜಾಗಗಳು ಚೆಕ್‌ಪೋಸ್ಟುಗಳು ಮತ್ತು ಅವುಗಳ ಸಮೀಪದ ಊರುಗಳಷ್ಟೇ.

ಆದುದರಿಂದ ಸಂಬಂಧಪಟ್ಟ ಇಲಾಖೆಗಳಲ್ಲಿ ನಿಮ್ಮ ಪತ್ರಿಕೆಯ ಮೂಲಕ ನಾನು ಕೇಳಿಕೊಳ್ಳುವುದು ಇಷ್ಟು. ಘಟ್ಟದ ಮೇಲೂ ಕೆಳಗೂ, ವಾಹನಗಳು ಹೇಗೂ ನಿಲ್ಲುವ ಚೆಕ್‌ಪೋಸ್ಟುಗಳ ಪಕ್ಕದಲ್ಲಿ, ಗಾಳಿ ಹೊಡೆಯದಂತೆ ಮೂರು ಕಡೆ ಗೋಡೆಯಿರುವ ಒಂದೊಂದು ತಂಗುದಾಣ, ಕುಡಿಯುವ ನೀರಿನ ನಲ್ಲಿ, ಬೀಗ ಹಾಕದ ಹೆಂಗಸರ ಶೌಚಾಲಯ ಇರಲಿ. ಇದಕ್ಕೆ ಕಾಡಿನ ಒಂದು ಮರವನ್ನೂ ಕಡಿಯಬೇಕಿಲ್ಲ. ಮೇಲಿನ ತಂಗುದಾಣದಲ್ಲಿ “ಕೈಗವಸು ಹಾಕಿಕೊಳ್ಳಿ, ಮೊದಲ ತಿರುವಿಗೆ ಮುಂಚೆ ಬ್ರೇಕ್ ಹಿಡಿದು ನೋಡಿ, ಗೇರಿನಲ್ಲೇ ಇಳಿಯಿರಿ” ಎಂದೂ, ಕೆಳಗಿನದರಲ್ಲಿ “ಸ್ವೆಟರ್ ಕಳಚಿ, ನೀರು ಕುಡಿಯಿರಿ” ಎಂದೂ ತಮಿಳು, ಕನ್ನಡ ಎರಡರಲ್ಲಿಯೂ ಬರೆದ ಫಲಕ ಹಾಕಿಸಲಿ. ಈ ದಾರಿಯಲ್ಲಿ ಓಡಾಡುವ ನಮ್ಮ ಹಿರಿಯರಲ್ಲಿ ಅನೇಕರಿಗೆ ಓದಲು ಬರುವುದು ಕನ್ನಡವೊಂದೇ. ಕೊಂಡಕ್ಕೆ ಗಡಿಯ ಎರಡೂ ಕಡೆಯಿಂದ ಬೈಕಿನಲ್ಲಿ ಬರುವ ಭಕ್ತರ ಸಂಖ್ಯೆ ದೊಡ್ಡದು, ಮತ್ತು ಅದು ಬಿಸಿಲೇರುವ ಕಾಲವೇ ಆದ್ದರಿಂದ, ಬರುವ ಕೊಂಡದೊಳಗಾಗಿ ಕೆಳಗಿನ ನೀರು ಮತ್ತು ನೆರಳಿನ ವ್ಯವಸ್ಥೆಯಾದರೂ ಮೊದಲು ಆಗಲಿ. ಚಳಿಗಾಲದೊಳಗೆ ಮೇಲಿನದು ಆಗಬಹುದು. ತಂಗುದಾಣದ ನೀರಿನ ತೊಟ್ಟಿಯನ್ನು ದಿನವೂ ತೊಳೆದು ತುಂಬಿಸುವ ಕೆಲಸಕ್ಕೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಸರದಿಯಂತೆ ಬರಲು ಒಪ್ಪಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಶಾಲಾ ಶಿಕ್ಷಕ
ತಾಳವಾಡಿ, ಈರೋಡು ಜಿಲ್ಲೆ